ಮೈ ಕೊಟ್ಟ ಹೇಳಿಕೆ

ಮೊದಲು ಬಂದದ್ದು ಎಡಗೈಯ ಕಿರುಬೆರಳಿಗೆ. ಒಂದು ಜಮೀನಿನ ವ್ಯಾಜ್ಯದಲ್ಲಿ ಸಾಕ್ಷಿಯ ಹೇಳಿಕೆ ನಡೆಯುತ್ತಿತ್ತು. ನ್ಯಾಯಾಧೀಶ ಸಾಹೇಬರು ಹೇಳುತ್ತಿದ್ದರು, ನಾನು ಟೈಪು ಮಾಡುತ್ತಿದ್ದೆ. ಕಿರುಬೆರಳಿನ ತುದಿ ಇದ್ದಕ್ಕಿದ್ದಂತೆ ಜುಮ್ಮೆಂದಿತು. ನೋವಲ್ಲ, ಉರಿಯಲ್ಲ, ತುರಿಕೆಯೂ ಅಲ್ಲ. ಕೈ ಒದರಿಕೊಂಡೆ, ಹೋಯಿತು. ಊಟದ ಬಿಡುವಿನಲ್ಲಿ ಮತ್ತೆ ಬಂತು, ಈ ಸಲ ಬಲಪಾದದ ಅಂಚಿಗೆ. ಸಂಜೆ ಮನೆಯಲ್ಲಿ ಚಪಾತಿ ಹಿಟ್ಟು ನಾದುತ್ತಿದ್ದಾಗ ಮೇಲ್ದುಟಿಗೆ. ಕೈ, ಕಾಲು, ತುಟಿ. ಒಂದಕ್ಕೂ ಇನ್ನೊಂದಕ್ಕೂ ನಂಟೇ ಇಲ್ಲದ ಮೂರು ಜಾಗ.

ಆಗ ನನಗೆ 46 ವರ್ಷ. ಅರಸೀಕೆರೆಯಲ್ಲಿ ಮನೆ, ಕೋರ್ಟಿನಲ್ಲಿ ಬೆರಳಚ್ಚುಗಾರ್ತಿಯ ಕೆಲಸ. ಟೈಪ್‌ರೈಟರಿನ ಕಾಲದಲ್ಲಿ ಸೇರಿ, ಕಂಪ್ಯೂಟರಿನಲ್ಲಿ ‘ನುಡಿ’ ಬಂದಾಗ ಅದನ್ನೂ ಕಲಿತವಳು. ಜೋಮು ಹಿಡಿಯುವುದು ಯಾರಿಗೆ ಗೊತ್ತಿಲ್ಲ? ಮದುವೆ ಮನೆಯಲ್ಲಿ ಚಕ್ಕಳಮಕ್ಕಳ ಹಾಕಿಕೊಂಡು ಹೊತ್ತು ಕೂತರೆ ಕಾಲು ಮರಗಟ್ಟುತ್ತದೆ, ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಬಿಡುತ್ತದೆ. ಆ ಜೋಮಿಗೆ ಕಾರಣ ಇರುತ್ತದೆ, ಶುರು ಕೊನೆ ಇರುತ್ತದೆ. ಇದಕ್ಕೆ ಯಾವುದೂ ಇರಲಿಲ್ಲ. ಸುಮ್ಮನೆ ನಿಂತಿದ್ದಾಗ ಬರುವುದು, ನಡೆಯುತ್ತಿದ್ದಾಗ ಬರುವುದು. ಒಮ್ಮೆ ಕ್ಷಣಮಾತ್ರ, ಒಮ್ಮೆ ರಾತ್ರಿಯಿಡೀ.

ರಾತ್ರಿಯದೇ ಕಷ್ಟ. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಹಾಗೇ ಬಿಟ್ಟು ಉಂಡೆ ಕೊಬ್ಬರಿ ಮಾಡುತ್ತಾರೆ. ಅಟ್ಟದಲ್ಲಿ ಕಾಯಿ ತುಂಬಿದ ಮನೆಯಲ್ಲಿ ಇರುವೆಗೇನು ಬರ. ನಿದ್ದೆ ಹತ್ತುವ ಹೊತ್ತಿಗೆ ಮೊಣಕಾಲ ಕೆಳಗೆ ಇರುವೆ ಸಾಲು ಹರಿದ ಹಾಗಾಗುವುದು. ಎದ್ದು ದೀಪ ಹಾಕಿ, ಹೊದಿಕೆ ಕೊಡವಿ, ಹಾಸಿಗೆಯ ಮಗ್ಗುಲೆಲ್ಲ ಹುಡುಕುತ್ತಿದ್ದೆ. ಒಂದು ಇರುವೆಯೂ ಇಲ್ಲ. ಮಲಗಿದರೆ ಮತ್ತೆ ಅದೇ, ಈ ಸಲ ಬೆನ್ನ ಮೇಲೆ, ತಲೆಯ ಬುರುಡೆಯ ಮೇಲೆ. ನಮ್ಮೆಜಮಾನರು ಪಾಪ, ಮಂಚದ ನಾಲ್ಕು ಕಾಲಿಗೂ ಇರುವೆ ಸೀಮೆಸುಣ್ಣದಿಂದ ಗೀರು ಎಳೆದರು. ಅಟ್ಟದಿಂದ ಒಡಕು ಕಾಯಿಗಳನ್ನೆಲ್ಲ ಆರಿಸಿ ತೆಗೆಸಿದರು. ಆಮೇಲೊಂದು ರಾತ್ರಿ ನನ್ನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಟಾರ್ಚು ಹಾಕಿ ನೋಡಿದರು. ಚರ್ಮ ಚರ್ಮದ ಹಾಗೇ ಇತ್ತು. ಒಂದು ಗಂಧೆಯಿಲ್ಲ, ಕೆಂಪಿಲ್ಲ. “ಏನೂ ಕಾಣಲ್ವಲ್ಲೇ” ಅಂದರು. ಅವರ ದನಿಯಲ್ಲಿ ಅನುಮಾನ ಇರಲಿಲ್ಲ, ಗಾಬರಿ ಇತ್ತು. ನನಗೂ ಅಷ್ಟೇ. ಕಾಣದೆ ಇರುವುದು ಇಷ್ಟು ಸ್ಪಷ್ಟವಾಗಿ ಹರಿಯುತ್ತದೆ ಅಂದರೆ ತಲೆಗೇನಾದರೂ ಆಗಿದೆಯೋ ಅನ್ನುವ ಭಯ ರಾತ್ರಿ ಮೂರು ಗಂಟೆಗೆ ಬರುತ್ತಿತ್ತು. ಆ ಹೊತ್ತಿನಲ್ಲಿ ಯಾವ ಭಯವೂ ಸಣ್ಣದಾಗಿರುವುದಿಲ್ಲ.

ಮುಟ್ಟು ಆಗಲೇ ಹಾದಿ ತಪ್ಪಿತ್ತು. ಒಂದು ತಿಂಗಳು ಇಪ್ಪತ್ತೆರಡು ದಿನಕ್ಕೇ, ಇನ್ನೊಂದು ಸಲ ನಲವತ್ತು ದಾಟಿದರೂ ಇಲ್ಲ. ಮುಟ್ಟು ನಿಲ್ಲುವ ಕಾಲ ಹತ್ತಿರ ಬಂತು ಅಂತ ಗೊತ್ತಿತ್ತು. ಮೈ ಕಾವೇರುತ್ತದೆ, ಬೆವರುತ್ತದೆ, ಸಿಟ್ಟು ಬರುತ್ತದೆ, ಮೂಳೆ ಸವೆಯುತ್ತದೆ ಎಂದು ನಮಗೆಲ್ಲ ಹೇಳಿದ್ದರು. ಬೆರಳ ತುದಿ ಜುಮ್ಮೆನ್ನುತ್ತದೆ, ತುಟಿ ಮರಗಟ್ಟುತ್ತದೆ, ಇಲ್ಲದ ಇರುವೆ ಹರಿಯುತ್ತದೆ ಎಂದು ಯಾರೂ ಹೇಳಿರಲಿಲ್ಲ. ಹಾಗಾಗಿ ಒಂದೇ ಮೈಯಲ್ಲಿ ಎರಡು ಬೇರೆ ಬೇರೆ ಕೇಸುಗಳು ನಡೆಯುತ್ತಿವೆ ಎಂದೇ ಮನೆಯವರೆಲ್ಲ ತಿಳಿದಿದ್ದೆವು.

ಮೊದಲು ನೋಡಿದ ಡಾಕ್ಟರು ಸಕ್ಕರೆ ಪರೀಕ್ಷೆ ಬರೆದರು, ಅದು ಸರಿಯಿತ್ತು. ಟೈಪಿಂಗ್ ಕೆಲಸ ಅಂದ ತಕ್ಷಣ ಮಣಿಕಟ್ಟಿನ ನರ ಒತ್ತಿಕೊಂಡಿದೆ ಎಂದು ತೀರ್ಮಾನಿಸಿ ಪಟ್ಟಿ ಕಟ್ಟಿಕೊಳ್ಳಲು ಹೇಳಿದರು. ನಲವತ್ತು ದಾಟಿದ ಹೆಂಗಸರಲ್ಲಿ ಆ ತೊಂದರೆ ಹೆಚ್ಚು ಅನ್ನುವುದು ನಿಜ. ಆದರೆ ಆ ನರ ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಅರ್ಧಕ್ಕೆ ಮಾತ್ರ ಹೋಗುತ್ತದೆ. ಕಿರುಬೆರಳು ಅದರ ಪಾಲಿನದಲ್ಲ. ನನಗೆ ಶುರುವಾದದ್ದೇ ಕಿರುಬೆರಳಿನಿಂದ. ಪಾದಕ್ಕೂ ತುಟಿಗೂ ಮಣಿಕಟ್ಟಿಗೂ ಏನು ಸಂಬಂಧ ಎಂದು ಕೇಳಿದೆ. “ಮೊದಲು ಪಟ್ಟಿ ಕಟ್ಕೊಳಿ, ಆಮೇಲೆ ನೋಡೋಣ” ಎಂದರು.

ಪಟ್ಟಿ ಕಟ್ಟಿಕೊಂಡು ಟೈಪು ಮಾಡುವುದು ಎಷ್ಟು ಕಷ್ಟ ಎಂದು ಮಾಡಿದವರಿಗೇ ಗೊತ್ತು. ಅದರಿಂದ ಗುಣ ಕಾಣದೆ ಹೋದಾಗ ನರಗಳ ಪರೀಕ್ಷೆಗೆ ಕಳಿಸಿದರು. ತಣ್ಣನೆಯ ಅಂಟು ಹಚ್ಚಿ, ಬೆರಳಿಗೆ ತಂತಿಯ ಬಳೆ ಹಾಕಿ, ಮಣಿಕಟ್ಟಿನ ಹತ್ತಿರ ಒಮ್ಮೆ, ಮೊಣಕೈಯ ಹತ್ತಿರ ಒಮ್ಮೆ ಸಣ್ಣ ಕರೆಂಟು ಬಿಡುತ್ತಾರೆ. ನಾವು ಅಲ್ಲಾಡಿಸದೆ ಬೆರಳು ತಾನೇ ಎಗರುತ್ತದೆ. ಪರದೆಯ ಮೇಲೆ ಗುಡ್ಡದ ಹಾಗೆ ಗೆರೆ ಏಳುತ್ತದೆ. ಪರೀಕ್ಷೆ ಮಾಡುತ್ತಿದ್ದ ಹುಡುಗಿ ಒಳ್ಳೆಯವಳು, ಪ್ರತಿ ಸಲವೂ “ಈಗ ಬರುತ್ತೆ ಮೇಡಂ” ಎಂದು ಮುಂಚೆಯೇ ಹೇಳುತ್ತಿದ್ದಳು. ನನಗೆ ಆಸೆಯಿತ್ತು, ಆ ಗುಡ್ಡದಲ್ಲಿ ಎಲ್ಲೋ ಒಂದು ಕಡೆ ಕುಸಿತ ಕಾಣಲಿ ಅಂತ. ಕಾಯಿಲೆ ಇರಲಿ ಎಂದು ಬಯಸುವುದು ವಿಚಿತ್ರ ಅನ್ನಿಸಬಹುದು. ತಿಂಗಳುಗಟ್ಟಲೆ ಹೆಸರಿಲ್ಲದ ಬಾಧೆ ಅನುಭವಿಸಿದವರಿಗೆ ಅದು ಅರ್ಥವಾಗುತ್ತದೆ.

ಎಲ್ಲ ಸರಿಯಿತ್ತು. ರಿಪೋರ್ಟು ನೋಡಿದ ಡಾಕ್ಟರು, “ನರ ಚೆನ್ನಾಗಿದೆ. ಟೆನ್ಷನ್ ಕಡಿಮೆ ಮಾಡ್ಕೊಳಿ. ಈ ವಯಸ್ಸಿನಲ್ಲಿ ಹೆಂಗಸರಿಗೆ ಹೀಗೆಲ್ಲ ಅನ್ನಿಸ್ತಿರುತ್ತೆ” ಎಂದರು. ನಿದ್ದೆಗೆ ಒಂದು ಮಾತ್ರೆ ಬರೆದುಕೊಟ್ಟರು. ಹೊರಗೆ ಬಂದು ಬಸ್ಸಿಗೆ ಕಾಯುವಾಗ ಕಣ್ಣು ತುಂಬಿಕೊಂಡಿತು. ಜುಮ್ಮೆನ್ನುವುದು ನನ್ನ ಬೆರಳಿನಲ್ಲಿ. ಅದು ಸುಳ್ಳು ಎಂದು ಒಂದು ಕಾಗದ ಹೇಳುತ್ತಿದೆ, ಆ ಕಾಗದವನ್ನು ನಾನೇ ದುಡ್ಡು ಕೊಟ್ಟು ತಂದಿದ್ದೇನೆ.

ಈಗ ಗೊತ್ತಿರುವ ಒಂದು ಸಂಗತಿಯನ್ನು ಇಲ್ಲೇ ಹೇಳಬೇಕು. ಆ ಪರೀಕ್ಷೆ ಅಳೆಯುವುದು ದಪ್ಪ ನರತಂತುಗಳನ್ನು. ಶಾಖ, ನೋವು, ತುರಿಕೆ ಇವನ್ನೆಲ್ಲ ಹೊರುವ ಅತಿ ಸಣ್ಣ ತಂತುಗಳು ಅದಕ್ಕೆ ಸಿಗುವುದೇ ಇಲ್ಲ. ಪರೀಕ್ಷೆಯಲ್ಲಿ ಸರಿಯಿದೆ ಅಂದರೆ ಆ ಪರೀಕ್ಷೆ ನೋಡಬಲ್ಲ ಜಾಗದಲ್ಲಿ ಸರಿಯಿದೆ ಎಂದಷ್ಟೇ. ಇದನ್ನು ರೋಗಿಗೆ ಹೇಳಲು ಒಂದು ನಿಮಿಷ ಸಾಕು. ಆ ಒಂದು ನಿಮಿಷ ಸಿಕ್ಕಿದ್ದರೆ ನಾನು ಬಸ್ ಸ್ಟ್ಯಾಂಡಿನಲ್ಲಿ ಹಾಗೆ ನಿಲ್ಲಬೇಕಾಗಿರಲಿಲ್ಲ.

ದಾರಿ ಕಂಡದ್ದು ಕೋರ್ಟಿನಲ್ಲಿ. ಹೊಡೆದಾಟದ ಒಂದು ಕೇಸು. ಸಾಕ್ಷಿ ಕಟ್ಟೆಯಲ್ಲಿ ನಿಂತದ್ದು ವಯಸ್ಸಾದ ಒಬ್ಬ ಅಜ್ಜಿ. ಎಲ್ಲಿ ಏಟು ಬಿತ್ತು ಎಂದರೆ “ಮೈಯೆಲ್ಲ ಸ್ವಾಮಿ” ಅನ್ನುತ್ತಿದ್ದರು. ಎದುರು ಪಕ್ಷದ ವಕೀಲರು ಪಾಟೀ ಸವಾಲಿನಲ್ಲಿ ಅದನ್ನೇ ಹಿಡಿದರು. ಮೈಯೆಲ್ಲ ಅಂದರೆ ಆಸ್ಪತ್ರೆಯ ಗಾಯದ ಪತ್ರದಲ್ಲಿ ಯಾಕಿಲ್ಲ, ಏಟೇ ಬಿದ್ದಿಲ್ಲ ಎಂದು ಸೂಚಿಸುತ್ತೇನೆ ಅಂದರು. ಅಜ್ಜಿ ಸುಮ್ಮನಾದರು. ಆಗ ಸಾಹೇಬರು ತಾವೇ ಮೆಲ್ಲಗೆ ಕೇಳತೊಡಗಿದರು. ಎಡಗೈಗೋ ಬಲಗೈಗೋ? ಆವಾಗ ದನ ಮನೆಗೆ ಬಂದಿದ್ದವೋ ಇನ್ನೂ ಇಲ್ಲವೋ? ಆ ರಾತ್ರಿ ಯಾವ ಮಗ್ಗುಲಿಗೆ ಮಲಗಿದ್ದೆ? ಯಾಕೆ ಆ ಮಗ್ಗುಲಿಗೆ? ಬೆಳಿಗ್ಗೆ ಕೊಡ ಎತ್ತಲು ಆಯಿತೋ? ಒಂದೊಂದೇ ಉತ್ತರ ಬಂತು. ನಾನು ಟೈಪು ಮಾಡುತ್ತಾ ಹೋದೆ. ಹಾಳೆಯ ಕೊನೆಗೆ ಬರುವ ಹೊತ್ತಿಗೆ “ಮೈಯೆಲ್ಲ” ಎಂಬುದು ಹೋಗಿ, ಎಡ ಭುಜ, ದೀಪ ಹಚ್ಚುವ ಮುಂಚೆ, ಮೂರು ದಿನ ಕೈ ಎತ್ತಲಾಗಲಿಲ್ಲ ಎಂಬ ಗಟ್ಟಿ ಮಾತು ಉಳಿದಿತ್ತು. ಓದಿ ಹೇಳಿ ಕೇಳಲಾಗಿ ಸರಿ ಇದೆ ಎಂದು ಕೊನೆಯ ಸಾಲು ಹೊಡೆದೆ. ಅಜ್ಜಿ ಹೆಬ್ಬೆಟ್ಟು ಒತ್ತಿದರು.

ಗಾಯದ ಗುರುತು ಉಳಿಯದಿದ್ದರೂ ನೋವಿಗೆ ಸಾಕ್ಷ್ಯ ಇರುತ್ತದೆ, ಕೇಳುವ ಕ್ರಮದಲ್ಲಿ ಕೇಳಿದರೆ. ಇಪ್ಪತ್ತು ವರ್ಷ ಮೇಲ್ಪಟ್ಟು ಬೇರೆಯವರ ಹೇಳಿಕೆ ಬರೆದವಳು ನಾನು. ನನ್ನ ಮೈಯ ಹೇಳಿಕೆಯನ್ನು ಯಾಕೆ ಬರೆದಿಡಬಾರದು ಎಂದು ಅಂದು ಸಂಜೆ ಹೊಳೆಯಿತು.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಶುರು ಮಾಡಿದೆ, ಜಾಗ ಸಾಲದೆ ಒಂದು ಉದ್ದ ನೋಟ್‌ಬುಕ್ ತಂದೆ. ತಾರೀಖು, ಹೊತ್ತು, ಯಾವ ಜಾಗ, ಒಂದು ಕಡೆಯೋ ಎರಡೂ ಕಡೆಯೋ, ಎಷ್ಟು ಹೊತ್ತು, ಆಗ ಏನು ಮಾಡುತ್ತಿದ್ದೆ, ಅದಕ್ಕೆ ಮುಂಚೆ ಏನಾಯಿತು, ಆಮೇಲೆ ಏನಾಯಿತು. ಪಕ್ಕದಲ್ಲಿ ಮುಟ್ಟಿನ ದಿನ. “ಮೈಯೆಲ್ಲ” ಎಂದು ಬರೆಯಬಾರದು ಎಂದು ನನಗೆ ನಾನೇ ಕಟ್ಟು ಹಾಕಿಕೊಂಡಿದ್ದೆ. ಮೂರ್ನಾಲ್ಕು ತಿಂಗಳು ಕಳೆಯುವ ಹೊತ್ತಿಗೆ ಪುಟಗಳು ತಾವೇ ಮಾತಾಡತೊಡಗಿದವು. ಮುಟ್ಟಿಗೆ ಹಿಂದಿನ ವಾರ ಜುಮ್ಮು ಹೆಚ್ಚು. ಮುಟ್ಟು ತಪ್ಪಿಹೋದ ತಿಂಗಳು ಇನ್ನೂ ಹೆಚ್ಚು, ತುಟಿಗೆ ಬರುವುದು ಆಗಲೇ. ರಾತ್ರಿ ಎರಡರಿಂದ ನಾಲ್ಕರ ನಡುವೆ ಇರುವೆ ಹರಿಯುವುದು ಹೆಚ್ಚು. ಇನ್ನೊಂದನ್ನಂತೂ ನಾನು ಬರೆಯದಿದ್ದರೆ ಗಮನಿಸುತ್ತಲೇ ಇರಲಿಲ್ಲ: ಮೈ ಕಾವೇರುವ ಸ್ವಲ್ಪ ಮುಂಚೆ, ಕತ್ತಿನ ಹಿಂಭಾಗದಿಂದ ತೋಳಿನವರೆಗೆ ಸಣ್ಣ ಕರೆಂಟು ಹೊಡೆದ ಹಾಗೆ ಒಂದು ಚುರುಕು. ಅದು ಬಂತು ಅಂದರೆ ಅದರ ಹಿಂದೆಯೇ ಬೆವರು. ಎರಡು ಬೇರೆ ಕೇಸು ಅಂದುಕೊಂಡಿದ್ದು ಒಂದೇ ಕೇಸಾಗಿತ್ತು.

ನೋಟ್‌ಬುಕ್ ತೆಗೆದುಕೊಂಡು ಹಾಸನದಲ್ಲಿ ಒಬ್ಬ ಸ್ತ್ರೀರೋಗ ತಜ್ಞೆಯ ಹತ್ತಿರ ಹೋದೆ. ಹೊರಗೆ ಬಸುರಿ ಹೆಣ್ಣುಮಕ್ಕಳ ಸಾಲಿತ್ತು. ಅವರ ನಡುವೆ ಕೂತಾಗ ನನ್ನ ವಯಸ್ಸಿನವರು ಇಲ್ಲಿಗೆ ಬರುವುದೇ ಕಡಿಮೆ ಅನ್ನುವುದು ಕಣ್ಣಿಗೆ ಹೊಡೆಯಿತು. ಹೆರಿಗೆ ಮುಗಿದ ಮೇಲೆ ನಮಗೆ ಯಾವ ಡಾಕ್ಟರು ಎಂಬುದೇ ನಮ್ಮ ಊರುಗಳಲ್ಲಿ ತೀರ್ಮಾನವಾಗಿಲ್ಲ. ಡಾಕ್ಟರಮ್ಮ ನೋಟ್‌ಬುಕ್ಕನ್ನು ಮೊದಲ ಪುಟದಿಂದ ಓದಿದರು. ಮಧ್ಯೆ ಒಂದು ಕಡೆ ಬೆರಳಿಟ್ಟು, “ಇದು ಎರಡೂ ಕಾಲಿಗೋ?” ಎಂದು ಕೇಳಿದರು. ಹೌದು ಅಂದೆ. ಮತ್ತೆ ಓದಿದರು. ಒಬ್ಬ ಡಾಕ್ಟರು ನನ್ನ ಮಾತನ್ನು ಕೊನೆಯವರೆಗೆ ಕೇಳಿದ್ದು ಅದೇ ಮೊದಲು. ಅವರು ಔಷಧಿ ಬರೆಯುವ ಮುಂಚೆಯೇ ಎದೆ ಹಗುರವಾಗಿತ್ತು.

“ಇದು ಮುಟ್ಟು ನಿಲ್ಲೋ ಕಾಲದ್ದೇ ಅನ್ಸುತ್ತಮ್ಮ. ಆದರೆ ಅನ್ಸುತ್ತೆ ಅಂತ ಬಿಡೋಕಾಗಲ್ಲ. ಬೇರೆಯದನ್ನೆಲ್ಲ ಮೊದಲು ನೋಡ್ಬಿಡೋಣ” ಎಂದರು. ಬಿ12, ಥೈರಾಯ್ಡ್, ಮೂರು ತಿಂಗಳ ಸಕ್ಕರೆಯ ಸರಾಸರಿ, ರಕ್ತದಲ್ಲಿ ಕಬ್ಬಿಣದ ಸಂಗ್ರಹ, ಕ್ಯಾಲ್ಸಿಯಂ. ಕತ್ತಿನ ಮೂಳೆಯನ್ನೂ ಪರೀಕ್ಷಿಸಿ ನೋಡಿದರು. ಕಬ್ಬಿಣ ಕಡಿಮೆಯಾದರೆ ರಾತ್ರಿ ಕಾಲು ಸುಮ್ಮನಿರಲು ಬಿಡುವುದಿಲ್ಲ, ಥೈರಾಯ್ಡ್ ಕುಗ್ಗಿದರೆ ಕೈ ಜುಮ್ಮೆನ್ನುತ್ತದೆ, ಎಲ್ಲದರ ಹೊರಲಕ್ಷಣವೂ ಹೆಚ್ಚುಕಡಿಮೆ ಒಂದೇ. ಹಾರ್ಮೋನಿನ ಪರೀಕ್ಷೆ ಬೇಡವೇ ಎಂದು ನಾನೇ ಕೇಳಿದೆ. ಈ ಕಾಲದಲ್ಲಿ ಅದು ಇವತ್ತೊಂದು ನಾಳೆಯೊಂದು ತೋರಿಸುತ್ತದೆ, ನಿಮ್ಮ ವಯಸ್ಸು, ನೋಟ್‌ಬುಕ್ಕಿನ ಮುಟ್ಟಿನ ಲೆಕ್ಕ ಅದಕ್ಕಿಂತ ಹೆಚ್ಚು ಹೇಳುತ್ತದೆ ಎಂದರು.

ನನ್ನ ಬಿ12 ಗಡಿಯಲ್ಲಿತ್ತು, ಇನ್ನೂರರ ಆಚೀಚೆ. ನಮ್ಮದು ಮಾಂಸ ಮೊಟ್ಟೆ ಇಲ್ಲದ ಮನೆ, ಹಾಲು ಮೊಸರಿನಿಂದ ಬಂದಷ್ಟೇ. ಮಾತ್ರೆ ಕೊಟ್ಟರು. ಎರಡು ತಿಂಗಳಲ್ಲಿ ಪಾದದ ಜೋಮು ಅರ್ಧಕ್ಕರ್ಧ ಇಳಿಯಿತು. ತುಟಿ, ಬೆರಳು, ಬೆನ್ನಿನ ಇರುವೆ ಹಾಗೇ ಉಳಿದವು, ನೋಟ್‌ಬುಕ್ಕಿನ ಲೆಕ್ಕದಂತೆಯೇ ಬರುತ್ತ ಹೋಗುತ್ತ. ಮೈಯಲ್ಲಿ ಕಾರಣಗಳು ಒಂದೊಂದಾಗಿ ಸರದಿಯಲ್ಲಿ ಬರುವುದಿಲ್ಲ, ಎರಡು ಸೇರಿಯೂ ಬರುತ್ತವೆ ಎಂದು ಆಗ ತಿಳಿಯಿತು.

ಡಾಕ್ಟರಮ್ಮ ವಿವರಿಸಿದ್ದು ಹೀಗೆ. ಈಸ್ಟ್ರೋಜೆನ್ ಗರ್ಭಕೋಶಕ್ಕೆ ಮಾತ್ರ ಸೇರಿದ್ದಲ್ಲ. ಮಿದುಳಿನಲ್ಲಿ, ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ, ಚರ್ಮದಲ್ಲಿ, ರಕ್ತನಾಳಗಳಲ್ಲಿ ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳಿವೆ. ನರ ಎಷ್ಟು ಬೇಗ ಚುರುಕಾಗಬೇಕು, ಎಷ್ಟು ತಡೆದುಕೊಳ್ಳಬೇಕು ಎಂಬುದರಲ್ಲಿ ಅದರ ಕೈವಾಡ ಇದೆ. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಅದು ನಿಧಾನವಾಗಿ ಇಳಿಯುತ್ತಾ ಹೋಗುವುದಿಲ್ಲ. ಒಂದು ವಾರ ಹಿಂದೆಂದಿಗಿಂತ ಹೆಚ್ಚು, ಮುಂದಿನ ವಾರ ಪಾತಾಳ. ಸಂಜೆ ಹೊತ್ತು ನಮ್ಮೂರಿನಲ್ಲಿ ವೋಲ್ಟೇಜು ಏರಿಳಿದಾಗ ಬಲ್ಬು ಮಿಣುಕುತ್ತದಲ್ಲ, ಬಲ್ಬಿನಲ್ಲೂ ತಂತಿಯಲ್ಲೂ ದೋಷ ಇರುವುದಿಲ್ಲ. ನರಗಳದ್ದೂ ಅದೇ ಪಾಡು ಎಂದು ನಾನು ಅರ್ಥ ಮಾಡಿಕೊಂಡೆ. ಜೊತೆಗೆ ಚರ್ಮ ಒಣಗುತ್ತದೆ, ತೆಳ್ಳಗಾಗುತ್ತದೆ. ನಿದ್ದೆ ಕೆಟ್ಟಾಗ ಸಣ್ಣ ಸ್ಪರ್ಶವೂ ದೊಡ್ಡದಾಗುತ್ತದೆ. ಗಾಬರಿಯಿಂದ ಉಸಿರು ಜೋರಾದರೆ ರಕ್ತದ ಇಂಗಾಲದ ಡೈಆಕ್ಸೈಡು ಇಳಿದು ತುಟಿ, ಬೆರಳು ಜುಮ್ಮೆನ್ನುತ್ತವೆ. ಅಂದರೆ ‘ಟೆನ್ಷನ್’ ಎಂದ ಡಾಕ್ಟರ ಮಾತಿನಲ್ಲೂ ಒಂದೆಳೆ ನಿಜವಿತ್ತು. ಆದರೆ ಜುಮ್ಮಿನಿಂದ ಗಾಬರಿ ಹುಟ್ಟಿತ್ತು, ಗಾಬರಿಯಿಂದ ಜುಮ್ಮು ಹೆಚ್ಚಿತ್ತು. ಅವರು ಎರಡನೆಯದನ್ನು ಮಾತ್ರ ಕಂಡರು.

ಆಮೇಲೆ ಹುಡುಕಿ ಓದಿದಾಗ ನನಗೆ ನಿಜವಾಗಿ ಸಿಟ್ಟು ತರಿಸಿದ ಒಂದು ಸಂಗತಿ ಸಿಕ್ಕಿತು. 1953ರಲ್ಲಿ ಅಮೆರಿಕದ ಕಪ್ಪರ್‌ಮನ್ ಮತ್ತು ಜೊತೆಯವರು ಮುಟ್ಟು ನಿಲ್ಲುವ ಕಾಲದ ತೊಂದರೆ ಅಳೆಯಲು ಒಂದು ಸೂಚ್ಯಂಕ ಮಾಡಿದರು. ಅದರಲ್ಲಿ 11 ಲಕ್ಷಣಗಳು. ಮೈ ಕಾವೇರುವುದಕ್ಕೆ ನಾಲ್ಕರ ತೂಕ. ಅದರ ನಂತರ ಎರಡರ ತೂಕ ಕೊಟ್ಟ ಮೂರರಲ್ಲಿ ಒಂದು, ಕೈಕಾಲು ಜುಮ್ಮೆನ್ನುವುದು. ಉಳಿದೆರಡು ನಿದ್ದೆಗೇಡು ಮತ್ತು ತಳಮಳ. ಚರ್ಮದ ಮೇಲೆ ಇರುವೆ ಹರಿದಂತಾಗುವುದೂ ಬೇರೆಯಾಗಿ, ಒಂದರ ತೂಕದಲ್ಲಿ, ಪಟ್ಟಿಯಲ್ಲಿತ್ತು. ನಾನು ಹುಟ್ಟುವ ಮುಂಚೆಯೇ ಅದು ಅಚ್ಚಾಗಿದೆ! 1990ರ ದಶಕದಲ್ಲಿ ಜರ್ಮನಿಯಲ್ಲಿ ತಯಾರಾಗಿ ಈಗ ಎಲ್ಲೆಡೆ ಬಳಸುವ ಇನ್ನೊಂದು ಮಾಪನದಲ್ಲೂ 11 ಪ್ರಶ್ನೆಗಳಿವೆ. ಅದರಲ್ಲಿ ಜುಮ್ಮೂ ಇಲ್ಲ, ಇರುವೆಯೂ ಇಲ್ಲ. ಕಾಗದದ ಮೇಲೆ ಇಲ್ಲದ್ದನ್ನು ಯಾರೂ ಕೇಳುವುದಿಲ್ಲ, ಕೇಳದ್ದನ್ನು ಹೆಂಗಸರು ಹೇಳುವುದಿಲ್ಲ. ಕೋರ್ಟಿನಲ್ಲಿ ಇಷ್ಟು ವರ್ಷ ಕೂತವಳಿಗೆ ಇದು ಬಹಳ ಚೆನ್ನಾಗಿ ಗೊತ್ತು. ಕೇಳದೆ ಬಿಟ್ಟ ಪ್ರಶ್ನೆಯಿಂದಲೇ ಎಷ್ಟೋ ಕೇಸುಗಳು ಬಿದ್ದುಹೋಗುತ್ತವೆ.

ನಮ್ಮ ದೇಶದ ಹೆಂಗಸರಿಗೆ ಮುಟ್ಟು ನಿಲ್ಲುವುದು ಸರಾಸರಿ 46, 47ರ ಸುಮಾರಿಗೆ. ಪಶ್ಚಿಮದ ದೇಶಗಳಲ್ಲಿ 51. ಅಂದರೆ ಏರಿಳಿತದ ವರ್ಷಗಳು ನಮಗೆ ನಲವತ್ತರ ಆರಂಭದಲ್ಲೇ ಬರಬಹುದು. ಮಕ್ಕಳ ಎಸ್ಸೆಸ್ಸೆಲ್ಸಿ, ಅತ್ತೆ ಮಾವನ ಆಸ್ಪತ್ರೆ, ಕಚೇರಿಯಲ್ಲಿ ಬಡ್ತಿ, ಎಲ್ಲವೂ ತಲೆಯ ಮೇಲಿರುವ ಹೊತ್ತು ಅದು.

ಇದಕ್ಕೆ ಇನ್ನೊಂದು ಮಗ್ಗುಲಿದೆ, ಅದನ್ನು ಹೇಳದಿದ್ದರೆ ನನ್ನ ಮಾತು ಅಪಾಯಕ್ಕೆ ದಾರಿಯಾದೀತು. ನಮ್ಮ ನಕಲು ವಿಭಾಗದಲ್ಲಿ ನನಗಿಂತ ಎರಡು ವರ್ಷ ಹಿರಿಯರೊಬ್ಬರಿದ್ದರು. ಅವರಿಗೂ ಪಾದ ಜೋಮು. “ವಯಸ್ಸು ಕಣ್ರೀ, ನಿಮಗೂ ನಿಲ್ಲೋ ಹೊತ್ತಲ್ವಾ” ಎಂದು ಎಲ್ಲರೂ ಸಮಾಧಾನ ಹೇಳಿದರು, ಅವರು ತೋರಿಸಿದ ಡಾಕ್ಟರೂ ಅದನ್ನೇ ಹೇಳಿದರು. ಒಂದು ದಿನ ಮೆಟ್ಟಿಲಿಳಿಯುವಾಗ ಕಾಲಿನಡಿ ಮೆಟ್ಟಿಲಿದೆಯೋ ಇಲ್ಲವೋ ತಿಳಿಯದೆ ಬಿದ್ದರು. ಕತ್ತಲಲ್ಲಿ ನಡೆಯಲು ಆಗುತ್ತಿರಲಿಲ್ಲವಂತೆ, ಯಾರಿಗೂ ಹೇಳಿರಲಿಲ್ಲ. ಬಿ12 ತೀರಾ ತಳ ಹಿಡಿದಿತ್ತು. ನರಗಳ ಮೇಲಿನ ಹೊದಿಕೆಗೆ ಆ ಜೀವಸತ್ವ ಬೇಕು. ಬಹಳ ಕಾಲ ಇಲ್ಲದಿದ್ದರೆ ಬೆನ್ನುಹುರಿಗೂ ಪೆಟ್ಟು, ತಡವಾದಷ್ಟೂ ಪೂರ್ತಿ ವಾಪಸು ಬರುವುದು ಕಷ್ಟ. ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟರು. ಈಗ ನಡೆಯುತ್ತಾರೆ, ಪಾದದ ಅರಿವು ಮಾತ್ರ ಮೊದಲಿನಂತಿಲ್ಲ. ನನಗೆ ‘ಏನೂ ಇಲ್ಲ’ ಎಂದರು, ಅವರಿಗೆ ‘ವಯಸ್ಸು’ ಎಂದರು. ಎರಡೂ ಕಡೆ ಆದದ್ದು ಒಂದೇ, ವಿಚಾರಣೆ ಇಲ್ಲದೆ ತೀರ್ಪು.

ಹಾರ್ಮೋನ್ ಚಿಕಿತ್ಸೆಯ ಬಗ್ಗೆಯೂ ಡಾಕ್ಟರಮ್ಮ ಬಚ್ಚಿಡದೆ ಮಾತಾಡಿದರು. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದರ ಒಂದು ಭಾಗವನ್ನು ಸ್ತನ ಕ್ಯಾನ್ಸರಿನ ಅಪಾಯ ಕಂಡು ಅರ್ಧಕ್ಕೆ ನಿಲ್ಲಿಸಿದ್ದು, ಆ ಸುದ್ದಿಯ ಹೆದರಿಕೆ ಇಂದಿಗೂ ಉಳಿದಿರುವುದು, ಆಮೇಲಿನ ಲೆಕ್ಕಾಚಾರದಲ್ಲಿ ಅರವತ್ತರ ಒಳಗಿನ, ಮುಟ್ಟು ನಿಂತು ಹತ್ತು ವರ್ಷ ದಾಟದ, ಬೇರೆ ತೊಡಕಿಲ್ಲದ ಹೆಂಗಸರಿಗೆ ಲಾಭವೇ ಹೆಚ್ಚು ಎಂದು ತಜ್ಞರು ಒಪ್ಪಿರುವುದು. ಕೊಡುವುದಾದರೆ ಮೈ ಕಾವಿಗೆ, ನಿದ್ದೆಗೆ ಕೊಡುತ್ತೇವೆ, ಅದರ ಜೊತೆ ಜುಮ್ಮೂ ಇಳಿಯಬಹುದು ಅಂದರು. ನಮ್ಮ ಚಿಕ್ಕಮ್ಮ ಸ್ತನ ಕ್ಯಾನ್ಸರಿನಲ್ಲಿ ಹೋದವರು. ಚಿಕ್ಕಮ್ಮನಿಗೆ ಬಂದ ಮಾತ್ರಕ್ಕೆ ನಿಮಗೆ ಕೊಡಬಾರದು ಅಂತೇನಿಲ್ಲ ಎಂದು ಅವರು ಹೇಳಿದರೂ ನಾನು ಸ್ವಲ್ಪ ಕಾದು ನೋಡುತ್ತೇನೆ ಅಂದೆ. ನನ್ನ ಆಯ್ಕೆ ಅದು, ಇನ್ನೊಬ್ಬರದು ಬೇರೆಯಾಗಬಹುದು. ಸಂಜೆಯ ಕಾಫಿ ಬಿಟ್ಟೆ. ಸಿಂಥೆಟಿಕ್ ಸೀರೆಗಳನ್ನು ಬೀರುವಿನ ಮೇಲಿನ ಅಂಕಣಕ್ಕೆ ಹಾಕಿದೆ. ಮಲಗುವ ಮುಂಚೆ ಕಾಲಿಗೆ ಬೆಚ್ಚಗಿನ ಕೊಬ್ಬರಿ ಎಣ್ಣೆ, ಬೆಳಿಗ್ಗೆ ನಡಿಗೆ. ತುಟಿ ಜುಮ್ಮೆಂದಾಗ ಉಸಿರು ನಿಧಾನ ಮಾಡುವುದು. ಇವು ಮದ್ದಲ್ಲ, ಆದರೆ ರಾತ್ರಿಗಳು ಸಹ್ಯವಾದವು.

ಅಮ್ಮನಿಗೆ ಹೇಳಿದ್ದು ಆ ಬೇಸಿಗೆಯಲ್ಲಿ. ಊರಿಗೆ ಹೋಗಿದ್ದಾಗ ಅಮ್ಮ ಹಿತ್ತಲ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಇದ್ದಕ್ಕಿದ್ದಂತೆ ನೆನಪಾಯಿತು. ನಾನು ಪಿಯುಸಿ ಓದುವಾಗ ಅಮ್ಮ ರಾತ್ರಿ ಕಾಲಿಗೆ ಒದ್ದೆ ಬಟ್ಟೆ ಸುತ್ತಿಕೊಂಡು, ಚಾಪೆ ಬಿಟ್ಟು ಬರೀ ಗಾರೆ ನೆಲದ ಮೇಲೆ ಮಲಗುತ್ತಿದ್ದಳು. ಅಜ್ಜಿ ಬೈಯುತ್ತಿದ್ದರು, ವಾಯು ಹಿಡಿಯುತ್ತದೆ ಅಂತ.

“ನಿನಗೂ ಹೀಗೆ ಆಗ್ತಿತ್ತೇನಮ್ಮ? ಅವಾಗ ಕಾಲಿಗೆ ಬಟ್ಟೆ ಸುತ್ಕೊಳ್ತಿದ್ದೆಯಲ್ಲ?”

ಅಮ್ಮ ಕೈಯಲ್ಲಿದ್ದ ಹಣ್ಣನ್ನು ಕೆಳಗಿಟ್ಟಳು. “ಆಗದೆ ಏನೇ? ಉರಿ ಉರಿ, ಚುಳು ಚುಳು. ಮೈಮೇಲೆ ಹುಳ ಬಿಟ್ಟಂಗೆ. ಯಾರಿಗೆ ಹೇಳೋದು? ನಿಮ್ಮಜ್ಜಿಗೆ ಹೇಳಿದ್ದಕ್ಕೆ ಗಾಳಿ ಸೋಕೈತೆ ಅಂತ ತಾಯಿತ ಕಟ್ಟಿಸಿದ್ರು. ನಿಮ್ಮಪ್ಪಂಗೆ ಹೇಳಲೇ ಇಲ್ಲ. ತೋಟಕ್ಕೆ ಹೋದ್ರೆ ಕಾಲುವೇಲಿ ಕಾಲಿಟ್ಕೊಂಡು ಕೂತಿರ್ತಿದ್ದೆ. ಕೆಲಸಗಳ್ಳಿ ಅಂತಿದ್ರು.”

ಅಮ್ಮ ಕೆಲಸಗಳ್ಳಿಯಾಗಿರಲಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎದ್ದರೆ ರಾತ್ರಿ ಹತ್ತರವರೆಗೆ ಕೂತದ್ದು ನಾನು ನೋಡಿಲ್ಲ. ಕಾಲುವೆಯ ನೀರಿನಲ್ಲಿ ಕಾಲಿಟ್ಟು ಕೂತ ಆ ಹೊತ್ತೊಂದೇ ಅವಳಿಗಿದ್ದ ಚಿಕಿತ್ಸೆ, ಅದಕ್ಕೂ ಬಯ್ಗುಳ. ನಾನು ಅಲ್ಲೇ ಕೂತು ಅವಳನ್ನು ಒಂದೊಂದಾಗಿ ಕೇಳಿದೆ. ಯಾವಾಗ ಶುರುವಾಯಿತು, ಎಷ್ಟು ವರ್ಷ ಇತ್ತು, ಮುಟ್ಟು ನಿಂತ ಮೇಲೆ ಹೋಯಿತೋ. ಎಂಬತ್ತರ ಹತ್ತಿರ ಬಂದಿರುವ ಅಮ್ಮ ಎಲ್ಲಕ್ಕೂ ಉತ್ತರ ಕೊಟ್ಟಳು, ಯಾವ ತಡವರಿಕೆಯೂ ಇಲ್ಲದೆ. ನಮ್ಮ ಚಿಕ್ಕ ತಮ್ಮನ ಜವಳದ ವರ್ಷ ಅಂದರೆ ಇಂಥ ವರ್ಷ, ಕೆರೆ ಕೋಡಿ ಬಿದ್ದ ವರ್ಷಕ್ಕೆ ನಿಂತಿತ್ತು ಅಂತ. ಅಷ್ಟೂ ಕಾಲ ಒಳಗೆ ಇಟ್ಟುಕೊಂಡಿದ್ದಳು, ಯಾರೂ ಕೇಳಿರಲಿಲ್ಲ ಅಷ್ಟೇ. ನಾನೂ ಮಗಳಾಗಿ ಅದೇ ಮನೆಯಲ್ಲಿದ್ದವಳು. ಹದಿನೇಳು ವರ್ಷದ ಹುಡುಗಿಗೆ ಕೇಳಲು ಏನು ಗೊತ್ತಿರುತ್ತದೆ.

ನನಗೆ ಮುಟ್ಟು ನಿಂತು ಈಗ ಕೆಲವು ವರ್ಷ. ಹನ್ನೆರಡು ತಿಂಗಳು ಪೂರ್ತಿ ಕಾಣದಿದ್ದರೆ ನಿಂತಂತೆ ಎಂದು ಲೆಕ್ಕ. ನಿಂತ ಮೇಲೂ ಒಂದು ವರ್ಷ ಜುಮ್ಮು ಬರುತ್ತಿತ್ತು, ಆಮೇಲೆ ನೋಟ್‌ಬುಕ್ಕಿನ ಪುಟಗಳಲ್ಲಿ ಖಾಲಿ ಸಾಲು ಹೆಚ್ಚಾಯಿತು. ತುಟಿಯದು ಪೂರ್ತಿ ಹೋಯಿತು. ಇರುವೆ ಅಪರೂಪ. ಬಿ12 ಮಾತ್ರೆ ಇನ್ನೂ ನಡೆಯುತ್ತಿದೆ.

ಹೋದ ವರ್ಷ ತಿಪಟೂರಿನಿಂದ ನನ್ನ ತಂಗಿ ಫೋನು ಮಾಡಿದಳು. ಅವಳಿಗೆ 44. “ಅಕ್ಕ, ಎರಡೂ ಕೈ ಜುಮ್ ಅಂತಿದೆ. ನಿಂಗೆ ಬಂದಿದ್ದೇ ನಂಗೂ ಬಂತು ಅನ್ಸುತ್ತೆ” ಅಂದಳು, ಅರ್ಧ ಸಮಾಧಾನದಲ್ಲಿ. ನಾನು ಮೊದಲು ಕೇಳಿದ್ದು, ಒಂದೇ ಕಡೆ ಇದ್ದಕ್ಕಿದ್ದಂತೆ ಮರಗಟ್ಟಿತೇ, ಮಾತು ತೊದಲಿತೇ, ಬಾಯಿ ಸೊಟ್ಟಗಾಯಿತೇ, ಕೈ ಎತ್ತಲು ಆಗುತ್ತಿದೆಯೇ ಅಂತ. ಅದರಲ್ಲಿ ಒಂದಕ್ಕೆ ಹೌದು ಅಂದಿದ್ದರೂ ಫೋನಿಟ್ಟು ತಕ್ಷಣ ದೊಡ್ಡಾಸ್ಪತ್ರೆಗೆ ಓಡು ಅನ್ನುತ್ತಿದ್ದೆ, ಪಾರ್ಶ್ವವಾಯುವಿಗೆ ಒಂದೊಂದು ನಿಮಿಷವೂ ಲೆಕ್ಕ. ಯಾವುದೂ ಇರಲಿಲ್ಲ. ಮುಟ್ಟು ಹೇಗಿದೆ ಅಂದೆ, ಹೆಚ್ಚು ಹೋಗುತ್ತದೆ ಅಂದಳು. ತೂಕ? ಏರಿದೆ. ಚಳಿ ತಡೆಯೋಕಾಗಲ್ಲ, ಕೂದಲು ಉದುರ್ತಿದೆ, ದನಿ ಒಡೆದ ಹಾಗಿದೆ. “ನಂದೇ ನಿಂದು ಅಂತ ಅಂದ್ಕೋಬೇಡ. ನಾಳೆ ಬೆಳಿಗ್ಗೆ ಹೋಗಿ ರಕ್ತ ಕೊಡು” ಎಂದು ಪರೀಕ್ಷೆಗಳ ಹೆಸರನ್ನೆಲ್ಲ ಬರೆಸಿದೆ.

ಅವಳದು ಥೈರಾಯ್ಡ್. ಕುಗ್ಗಿತ್ತು, ಚೆನ್ನಾಗಿಯೇ ಕುಗ್ಗಿತ್ತು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ ಶುರುವಾಯಿತು. ಆರು ವಾರಕ್ಕೆ ಮತ್ತೆ ರಕ್ತ ಪರೀಕ್ಷೆ ಎಂದು ಬರೆದುಕೊಟ್ಟಿದ್ದರು, ಅವತ್ತು ರಜೆ ಹಾಕಿ ನಾನೂ ಜೊತೆಗೆ ಹೋಗಿದ್ದೆ. ಜುಮ್ಮು ಇಳಿದಿದೆ ಅಂದಳು. ಮುಟ್ಟಿನ ಲೆಕ್ಕ ಬರೆಯುವುದನ್ನು ಮಾತ್ರ ಬಿಡಬೇಡ ಎಂದು ಡಾಕ್ಟರು ಹೇಳಿದರು, ಅವಳು ಈಗಲೂ ಬರೆಯುತ್ತಿದ್ದಾಳೆ.